ಗುರಿಯ ಪಿಸ್ತೂಲು, ಕಾವಲಿನ ಕೋವಿ

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾಯಿತು. ಅದಾದ ಕೆಲವು ದಿನಗಳ ಬಳಿಕ ನಾನೂ ನನ್ನ ನೆರೆಮನೆಯ ಕೃಷಿಕರೊಬ್ಬರೂ ಒಟ್ಟಿಗೆ ಪೊಲೀಸ್ ಠಾಣೆಗೆ ಹೋಗಬೇಕಾಯಿತು. ಅವರ ಬಳಿ ಗೋಣಿತಾಟಿನಲ್ಲಿ ಸುತ್ತಿದ ಹಳೆಯ ಕೇಪಿನ ಕೋವಿಯಿತ್ತು. ನಳಿಗೆಯ ಬಾಯಿಯಿಂದ ಮದ್ದು, ಚರೆ ತುಂಬಿ ಸಲಾಕೆಯಿಂದ ಜಡಿಯುವ ಬೆಳೆ ಕಾವಲಿನ ಕೋವಿ ಅದು. ಅವರ ತಂದೆಯ ಕಾಲದಿಂದಲೂ ಪರವಾನಗಿ ಇರುವಂಥದ್ದು. ನನ್ನ ಬಳಿ ಇದ್ದದ್ದು ಒಂದು ಕಾಗದ ಮಾತ್ರ. ಗುರಿ ಸ್ಪರ್ಧೆಗಳಲ್ಲಿ ನಾನು ಬಳಸುವ ಪಿಸ್ತೂಲನ್ನು ಠೇವಣಿ ಇಡುವುದರಿಂದ ವಿನಾಯಿತಿ ನೀಡಲಾಗಿದೆ ಎಂಬ ಆದೇಶದ ಪ್ರತಿ. ಅವರು ಕೋವಿಯನ್ನು ಒಪ್ಪಿಸಿ ರಸೀದಿ ಪಡೆದರು. ನಾನು ಕಾಗದವನ್ನು ತೋರಿಸಿ, ಸಹಿ ಮಾಡಿ ಹೊರಬಂದೆ.

ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ನಾನು ಸರ್ಕಾರಿ ನೌಕರಿಗೆ ಸೇರಿದ ಮೇಲೆ ಅವರ ಬಾಯಲ್ಲಿ ‘ಸಾಹೇಬ್ರು’ ಆದೆ. ನಿವೃತ್ತನಾದ ಮೇಲೂ ಅದು ತಪ್ಪಿಲ್ಲ. ಹಿಂದಿರುಗುವ ದಾರಿಯಲ್ಲಿ ಅವರು ಕೇಳಿದರು: ‘ನಿಮ್ದು ಇಡಿಸ್ಕಳ್ಳಲಿಲ್ವಾ ಸಾಹೇಬ್ರೆ?’ ‘ನಂದು ಆಟದ್ದು ಮಾರಾಯ್ರೆ, ಸ್ಪರ್ಧೆಗೆ ಅಂತ ಬಿಟ್ಟಿದಾರೆ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರೆ ಆಟದ್ದಕ್ಕೆ ಬಿಡ್ತಾರೆ, ಊಟದ್ದಕ್ಕೆ ಬಿಡಾದಿಲ್ಲ ಅನ್ನಿ’ ಎಂದರು.

ಅವರು ಇದನ್ನು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಆದರೆ ಆ ಮಾತು ಅಂದಿನಿಂದ ನನ್ನನ್ನು ಕಾಡುತ್ತಿದೆ. ಇಲ್ಲಿ ಯಾರ ಮೇಲೂ ನನ್ನ ದೂರಿಲ್ಲ. ಠಾಣೆಯವರು ನಿಯಮದಂತೆ ನಡೆದುಕೊಂಡರು. ವಿನಾಯಿತಿಗೆ ಅರ್ಜಿ ಸಲ್ಲಿಸುವ ಅವಕಾಶ ನನ್ನ ನೆರೆಯವರಿಗೂ ಇತ್ತು. ಆದರೆ ಅಂಥ ಅವಕಾಶವಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ಏಕೆಂದರೆ ಅಂಥ ಕಡತಗಳನ್ನು ಒಂದು ಕಾಲಕ್ಕೆ ನಾನೇ ನೋಡಿದವನು. ಹವ್ಯಾಸಕ್ಕಾಗಿ ಇಟ್ಟುಕೊಂಡ ಪಿಸ್ತೂಲು ಮನೆಯಲ್ಲಿ ಉಳಿಯಿತು. ಬದುಕಿಗಾಗಿ ಇಟ್ಟುಕೊಂಡ ಕೋವಿ ಠಾಣೆ ಸೇರಿತು. ಆಯುಧಗಳ ವಿಷಯದಲ್ಲಿ ನಮ್ಮ ವ್ಯವಸ್ಥೆ ಯಾರನ್ನು ನಂಬುತ್ತದೆ, ಯಾವ ಆಧಾರದ ಮೇಲೆ ನಂಬುತ್ತದೆ ಎಂಬ ಪ್ರಶ್ನೆಯನ್ನು ಈ ನೆಪದಲ್ಲಿ ಎತ್ತಬೇಕೆನಿಸಿದೆ.

ಉಳವಿ ಎಂದೊಡನೆ ಬಹಳ ಮಂದಿಗೆ ಉತ್ತರ ಕನ್ನಡದ ಚೆನ್ನಬಸವಣ್ಣನ ಉಳವಿ ನೆನಪಾಗುತ್ತದೆ. ನನ್ನದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಉಳವಿ. ಪೂರ್ಣ ಮಲೆನಾಡೂ ಅಲ್ಲದ, ಬಯಲುಸೀಮೆಯೂ ಅಲ್ಲದ ಅರೆಮಲೆನಾಡು. ಭತ್ತ, ಅಡಿಕೆ, ಶುಂಠಿ, ಅನಾನಸು ಇಲ್ಲಿಯ ಬೆಳೆಗಳು. ಪಕ್ಕದ ಶಿಕಾರಿಪುರಕ್ಕೆ ಆ ಹೆಸರು ಬಂದದ್ದೇ ಹೈದರನ ಕಾಲದಲ್ಲಿ ಅಲ್ಲಿ ಬೇಟೆ ಹೇರಳವಾಗಿದ್ದುದರಿಂದ ಎಂಬ ಪ್ರತೀತಿ ಇದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕೋವಿ ಎಂಬುದು ನೇಗಿಲು, ಹಾರೆಗಳಂತೆ ಒಂದು ಸಲಕರಣೆ. ಯಾರೂ ಅದನ್ನು ಪ್ರದರ್ಶನಕ್ಕೆ ಇಟ್ಟುಕೊಂಡವರಲ್ಲ. ಬೇಟೆಯ ಕಾಲ ಮುಗಿದು ದಶಕಗಳೇ ಸಂದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಂದಿಯನ್ನು ಕೂಡ ಮನಸ್ಸಿಗೆ ಬಂದಂತೆ ಕೊಲ್ಲುವಂತಿಲ್ಲ. ಕೊಲ್ಲಬೇಕೆಂದು ನಾನು ವಾದಿಸುವವನೂ ಅಲ್ಲ. ಇಂದು ಕೋವಿಯ ಮುಖ್ಯ ಕೆಲಸ ರಾತ್ರಿ ತೋಟದಂಚಿನಲ್ಲಿ ಒಂದು ಸದ್ದು ಮಾಡಿ ಹಂದಿಯ ಹಿಂಡನ್ನು ಹಿಂದಕ್ಕೆ ಅಟ್ಟುವುದು.

ಇನ್ನು ನನ್ನ ಪಿಸ್ತೂಲಿನ ವಿಷಯ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ರಾಜ್ಯ ಆಡಳಿತ ಸೇವೆಗೆ ಸೇರಿದ ನಾನು 1990ರ ದಶಕದ ನಡುವಿನಲ್ಲಿ ಬೆಂಗಳೂರಿನಲ್ಲಿದ್ದಾಗ ಗೆಳೆಯರೊಬ್ಬರ ಒತ್ತಾಯಕ್ಕೆ ರೈಫಲ್ ಕ್ಲಬ್ಬೊಂದರ ಸದಸ್ಯನಾದೆ. ಅಲ್ಲಿಯ ಹಿರಿಯ ಸದಸ್ಯರೊಬ್ಬರಿಗೆ ವಯಸ್ಸಾಗಿ ಕಣ್ಣು ಮಂಜಾದಾಗ ತಮ್ಮ ಪಿಸ್ತೂಲನ್ನು, ಕಾನೂನಿನ ಎಲ್ಲ ಕ್ರಮಗಳನ್ನು ಅನುಸರಿಸಿ, ನನಗೆ ಮಾರಿದರು. ಸ್ವಿಟ್ಜರ್‌ಲೆಂಡಿನ ಹ್ಯಾಮರ್ಲಿ ಕಾರ್ಖಾನೆಯ 208 ಎಂಬ ಮಾದರಿ. 1960ರ ದಶಕದಲ್ಲಿ ರೂಪುಗೊಂಡ ಈ ಪಿಸ್ತೂಲು ಗುರಿಕಾರರ ಲೋಕದಲ್ಲಿ ಒಂದು ಅಭಿಜಾತ ಕೃತಿ ಎನಿಸಿಕೊಂಡಿದೆ. ಪಾಯಿಂಟ್ 22 ಬೋರ್, ಸುಮಾರು ಒಂದು ಕಿಲೋಗ್ರಾಂ ತೂಕ, ಅಂಗೈಗೆ ಒಗ್ಗುವಂತೆ ಕೆತ್ತಿದ ಆಕ್ರೋಡು ಮರದ ಹಿಡಿ. ಇದರಲ್ಲಿ ವಿದ್ಯುನ್ಮಾನದ ಒಂದು ತುಣುಕೂ ಇಲ್ಲ. ಎಲ್ಲವೂ ಉಕ್ಕು, ಸ್ಪ್ರಿಂಗು ಮತ್ತು ಅರ ಹಿಡಿದ ಕೈಗಳ ಶ್ರದ್ಧೆ. ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಲು ಇದು ಹೇಳಿಸಿದ್ದಲ್ಲ. ನಳಿಗೆ ಉದ್ದ, ಹಿಡಿ ಅಗಲ, ಟ್ರಿಗರ್ ಅತಿ ಸೂಕ್ಷ್ಮ. ಗುರಿಹಲಗೆಯ ಮುಂದೆ ನಿಲ್ಲುವವನಿಗಲ್ಲದೆ ಇನ್ನಾರಿಗೂ ಇದು ಅನುಕೂಲದ ವಸ್ತುವಲ್ಲ.

ಈ ಆಟ ಬಲ್ಲವರಿಗೆ ತಿಳಿದ, ಬಲ್ಲದವರಿಗೆ ವಿಚಿತ್ರವೆನಿಸುವ ಸಂಗತಿಯೊಂದಿದೆ. ಪಿಸ್ತೂಲಿನ ಗುರಿಕಾರ ಗುರಿಯನ್ನು ನೋಡಬಾರದು. ಕಣ್ಣು ನೆಡಬೇಕಾದದ್ದು ನಳಿಗೆಯ ತುದಿಯ ಗುರಿಮೊನೆಯ ಮೇಲೆ. ದೂರದ ಕಪ್ಪು ವೃತ್ತ ಮಸುಕಾಗಿಯೇ ಉಳಿಯಬೇಕು. ಒಂದೇ ಕೈ, ಪೂರ್ತಿ ಚಾಚಿದ ತೋಳು, ಯಾವ ಆಸರೆಯೂ ಇಲ್ಲ. ಕೈ ಅಲುಗಿಯೇ ಅಲುಗುತ್ತದೆ. ಆ ಅಲುಗಾಟವನ್ನು ಒಪ್ಪಿಕೊಂಡು, ಟ್ರಿಗರಿನ ಮೇಲಿನ ಒತ್ತಡವನ್ನು ಕ್ರಮೇಣ ಹೆಚ್ಚಿಸುತ್ತ ಹೋಗಬೇಕು. ‘ಈಗ’ ಎಂದು ಮನಸ್ಸು ಕೂಗಿ ಬೆರಳು ಜಗ್ಗಿತೋ, ಗುಂಡು ಕೆಟ್ಟಿತು. ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ಎತ್ತಿದ ಕೈ ಏಳೆಂಟು ಸೆಕೆಂಡಿನಲ್ಲಿ ಹದಕ್ಕೆ ಬರದಿದ್ದರೆ, ಗುಂಡು ಹಾರಿಸದೆ ಕೈಯನ್ನು ಕೆಳಗಿಳಿಸಬೇಕು. ಹೊಸಬರಿಗೆ ಇದು ಅತ್ಯಂತ ಕಷ್ಟದ ಕೆಲಸ. ಎತ್ತಿದ ಆಯುಧವನ್ನು ಬಳಸದೆ ಇಳಿಸುವ ಅಭ್ಯಾಸವನ್ನು ನನಗೆ ಕಲಿಸಿದ್ದು ಈ ಪಿಸ್ತೂಲೇ. ಕಳೆದ ಮೂರು ದಶಕಗಳಲ್ಲಿ ಇದರಿಂದ ಹೊರಟ ಗುಂಡುಗಳು ರಟ್ಟಿನ ಹಾಳೆಗಳನ್ನಲ್ಲದೆ ಬೇರೇನನ್ನೂ ಗಾಯಗೊಳಿಸಿಲ್ಲ.

2018ರಲ್ಲಿ ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಒಂದು ತೊಡಕು ಎದುರಾಯಿತು. ಅನುಮತಿ ಪಡೆದ ರೇಂಜ್ ಬಿಟ್ಟು ಬೇರೆಲ್ಲೂ ಇದರಿಂದ ಗುಂಡು ಹಾರಿಸುವಂತಿಲ್ಲ, ಹಾರಿಸಲೂಬಾರದು. ಆದುದರಿಂದ ಆಗೊಮ್ಮೆ ಈಗೊಮ್ಮೆ ಬೆಂಗಳೂರಿಗೆ ಹೋದಾಗ ಮಾತ್ರ ನಿಜವಾದ ಅಭ್ಯಾಸ. ಊರಿನಲ್ಲಿ ಮಾಡುವುದು ಗುಂಡಿಲ್ಲದ ಅಭ್ಯಾಸ. ಬೆಳಿಗ್ಗೆ ಅರ್ಧ ಗಂಟೆ ಬಿಳಿಗೋಡೆಗೆ ಮುಖ ಮಾಡಿ ನಿಂತು, ಖಾಲಿ ಪಿಸ್ತೂಲನ್ನು ಎತ್ತುವುದು, ಟ್ರಿಗರ್ ಒತ್ತುವುದು, ಇಳಿಸುವುದು. ಇದರ ಜತೆಗೆ 4.5 ಮಿಲಿಮೀಟರ್ ಬೋರಿನ ಗಾಳಿ ಪಿಸ್ತೂಲೊಂದಿದೆ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೌಲ್ ಶಕ್ತಿಯನ್ನು ಮೀರದ, ಈ ಬೋರಿನ ಗಾಳಿ ಆಯುಧಕ್ಕೆ ಪರವಾನಗಿ ಬೇಕಿಲ್ಲ. ಅಡಿಕೆ ದಾಸ್ತಾನಿನ ಕೊಟ್ಟಿಗೆಯಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ದಪ್ಪ ಹಲಗೆ ನಿಲ್ಲಿಸಿ ಅದರಲ್ಲಿ ಅಭ್ಯಾಸ ಮಾಡುತ್ತೇನೆ. ಹತ್ತು ಮೀಟರ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಅರವತ್ತೇಳರ ವಯಸ್ಸಿನಲ್ಲಿ ಅದು ದಿನದಿಂದ ದಿನಕ್ಕೆ ಕಿರಿದಾಗುತ್ತಿರುವಂತೆ ಕಾಣುತ್ತದೆ.

ಸ್ವಾತಂತ್ರ್ಯಾನಂತರ ಈ ಕ್ರೀಡೆಗೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದವರು ಲೋಕಸಭೆಯ ಪ್ರಥಮ ಸ್ಪೀಕರ್ ಜಿ.ವಿ. ಮಾವಳಂಕರ್ ಎಂಬುದನ್ನು ಇಂದು ಬಹಳಷ್ಟು ಜನ ಮರೆತಿದ್ದಾರೆ. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಸ್ಥಾಪನೆಯಾಯಿತು. ಗಾಂಧೀಜಿಯವರ ಅನುಯಾಯಿಯಾಗಿದ್ದ ಮಾವಳಂಕರರು ಬಂದೂಕಿನ ಕ್ರೀಡೆಯನ್ನು ಬೆಳೆಸಲು ಹೊರಟದ್ದು ವಿರೋಧಾಭಾಸದಂತೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಆಯುಧವನ್ನು ಶಿಸ್ತಿಗೆ ಒಳಪಡಿಸುವುದೂ ನಾಗರಿಕತೆಯ ಒಂದು ಕೆಲಸವೇ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತ ಗಳಿಸಿದ ಆರು ಪದಕಗಳಲ್ಲಿ ಮೂರು ಶೂಟಿಂಗಿನಿಂದ ಬಂದವು. ಅವುಗಳಲ್ಲಿ ಎರಡು ಹತ್ತು ಮೀಟರ್ ಗಾಳಿ ಪಿಸ್ತೂಲಿನಿಂದ. ಎರಡರಲ್ಲೂ ಪಾಲು ಪಡೆದ ಮನು ಭಾಕರ್, ಮೂರು ವರ್ಷಗಳ ಹಿಂದೆ ಟೋಕಿಯೊದಲ್ಲಿ ಪಿಸ್ತೂಲಿನ ತಾಂತ್ರಿಕ ದೋಷದಿಂದ ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡು ಫೈನಲ್ ತಪ್ಪಿಸಿಕೊಂಡಿದ್ದ ಹುಡುಗಿ.

ಕನ್ನಡಿಗರಿಗೂ ಇದರಲ್ಲಿ ಒಂದು ಪಾಲಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹತ್ತು ಮೀಟರ್ ಗಾಳಿ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. 2016ರಲ್ಲಿ ರಿಯೊ ಒಲಿಂಪಿಕ್ಸಿನ 50 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಭಾಗವಹಿಸಿದರು. ಒಲಿಂಪಿಕ್ಸಿನಲ್ಲಿ ಆ ಸ್ಪರ್ಧೆ ನಡೆದದ್ದು ಅದೇ ಕೊನೆ. ‘ಫ್ರೀ ಪಿಸ್ತೂಲ್’ ಎಂದು ಹೆಸರಾದ ಈ ಬಗೆಯ ಸ್ಪರ್ಧೆ 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲೇ ಇತ್ತು. ಮಿಶ್ರ ತಂಡಗಳ ಸ್ಪರ್ಧೆಗೆ ಎಡೆ ಮಾಡಿಕೊಡಲು ಟೋಕಿಯೊದಿಂದ ಅದನ್ನು ಕೈಬಿಡಲಾಯಿತು. ಮಹಿಳೆಯರಿಗೆ ಸಮಾನ ಅವಕಾಶ ದೊರೆತದ್ದು ನ್ಯಾಯವೇ. ಆದರೂ ಪಿಸ್ತೂಲಿನ ಅತ್ಯಂತ ಹಳೆಯ, ಅತ್ಯಂತ ಕಠಿಣ ಪರೀಕ್ಷೆಯೊಂದು ಮರೆಗೆ ಸರಿಯಿತೆಂಬ ವಿಷಾದ ನನ್ನಂಥ ಹಳಬರಲ್ಲಿ ಉಳಿದಿದೆ.

ಹಾಗೆಂದು ಗುರಿಯ ಆಟ ಹೊರನಾಡಿನಿಂದ ಬಂದ ಶ್ರೀಮಂತರ ಶೋಕಿಯಷ್ಟೇ ಎನ್ನುವಂತಿಲ್ಲ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ; ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರುಗಳಲ್ಲಿ ನಡೆಯುತ್ತದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿಗೂ ರೂಪಾಂತರದಲ್ಲಿ ಮುಂದುವರಿದಿದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಿದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದನ್ನು ಎಲ್ಲೆಡೆಗೆ ವಿಸ್ತರಿಸಬೇಕೆಂದು ನಾನು ಹೇಳುವುದಿಲ್ಲ. ಆಯುಧ ಇಟ್ಟುಕೊಂಡ ಪ್ರಜೆಯನ್ನು ಪ್ರಭುತ್ವ ನಂಬುವುದು ಅಸಾಧ್ಯವೇನಲ್ಲ ಎಂಬುದಕ್ಕೆ ನಮ್ಮ ರಾಜ್ಯದೊಳಗೇ ಒಂದೂವರೆ ಶತಮಾನದ ನಿದರ್ಶನವಿದೆ ಎಂದಷ್ಟೇ ನನ್ನ ಮಾತು.

ಕಾನೂನು ಏನು ಹೇಳುತ್ತದೆ? 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಶಾಸನ. ಅದನ್ನು ನಮ್ಮ ರಾಷ್ಟ್ರೀಯ ಚಳವಳಿ ಉದ್ದಕ್ಕೂ ಟೀಕಿಸಿತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸಂವಿಧಾನ ಅದನ್ನು ಮೂಲಭೂತ ಹಕ್ಕಾಗಿಸಲಿಲ್ಲ. ಅದು ವಿವೇಕದ ತೀರ್ಮಾನವೆಂದೇ ನಾನು ಭಾವಿಸುತ್ತೇನೆ. 1959ರ ಕಾಯ್ದೆ ಮಧ್ಯಮ ಮಾರ್ಗವೊಂದನ್ನು ಹಿಡಿಯಿತು. ಅದರ 13ನೇ ಕಲಮನ್ನು ಗಮನವಿಟ್ಟು ಓದಬೇಕು. ನೈಜ ಬೆಳೆ ರಕ್ಷಣೆಗೆ ಬೇಕಾದ, ನಳಿಗೆ ಬಾಯಿಯಿಂದ ತುಂಬುವ ಕೋವಿಗೂ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಬಂದೂಕಿಗೂ, ಇತರ ಅಡ್ಡಿಗಳಿಲ್ಲದಿದ್ದರೆ ಪರವಾನಗಿಯನ್ನು ಕೊಡತಕ್ಕದ್ದು ಎಂದು ಅದು ಹೇಳುತ್ತದೆ. ಸಣ್ಣ ನಳಿಗೆಯ ರಿವಾಲ್ವರಿನಂಥ ಉಳಿದ ಆಯುಧಗಳಿಗಾದರೋ, ಅರ್ಜಿದಾರನಿಗೆ ಯುಕ್ತ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು.

ಅಂದರೆ, ನನ್ನ ಪಿಸ್ತೂಲನ್ನೂ ನೆರೆಯವರ ಕೋವಿಯನ್ನೂ ಸಂಸತ್ತು ಒಂದೇ ಸಾಲಿನಲ್ಲಿ ಕೂರಿಸಿತ್ತು. ಇವೆರಡೂ ಉದ್ದೇಶ ಸ್ಪಷ್ಟವಿರುವ ಆಯುಧಗಳು. ಸಂಶಯದಿಂದ ನೋಡಬೇಕಾದದ್ದು ಮೂರನೆಯದನ್ನು. ಆರು ದಶಕಗಳ ಆಚರಣೆಯಲ್ಲಿ ಈ ವಿವೇಕ ತಲೆಕೆಳಗಾಗಿದೆ ಎಂಬುದು ನನ್ನ ಅನುಭವ.

ಈ ಮಾತನ್ನು ನಾನು ಆಡಳಿತದ ಹೊರಗೆ ನಿಂತು ಹೇಳುತ್ತಿಲ್ಲ. ಬೇರೆ ಜಿಲ್ಲೆಗಳಲ್ಲಿ ಕೆಲಸ ಮಾಡುವಾಗ ಪರವಾನಗಿ ಕಡತಗಳು ನನ್ನ ಮೇಜಿನ ಮೇಲೆಯೂ ಹಾದುಹೋಗಿವೆ. ರಿವಾಲ್ವರಿಗೆ ಅರ್ಜಿ ಹಾಕುವವರ ಕಡತ ಎಷ್ಟು ಅಚ್ಚುಕಟ್ಟಾಗಿರುತ್ತಿತ್ತೆಂದರೆ, ಅದರಲ್ಲಿ ಆದಾಯ ತೆರಿಗೆಯ ದಾಖಲೆ, ಆಸ್ತಿಯ ಪಟ್ಟಿ, ಜೀವಭಯದ ವಿವರಣೆ, ಶಿಫಾರಸು ಪತ್ರ ಎಲ್ಲವೂ ಇರುತ್ತಿದ್ದವು. ಜೀವಭಯ ನಿಜವಾಗಿ ಇದ್ದವರೂ ಉಂಟು. ಆದರೆ ಬಹುಮಟ್ಟಿಗೆ ಆ ರಿವಾಲ್ವರ್ ಬೇಕಿದ್ದದ್ದು ಮದುವೆ ಮನೆಯಲ್ಲಿ, ಜಮೀನಿನ ವ್ಯವಹಾರದ ಮೇಜಿನಲ್ಲಿ, ರಾಜಕೀಯ ಸಭೆಯಲ್ಲಿ ಸೊಂಟದ ಬಳಿ ಸ್ವಲ್ಪ ಉಬ್ಬಿ ಕಾಣಲೆಂದೇ. ತದ್ವಿರುದ್ಧವಾಗಿ, ತಂದೆ ತೀರಿಕೊಂಡ ಮೇಲೆ ಅವರ ಕೇಪಿನ ಕೋವಿಯನ್ನು ತನ್ನ ಹೆಸರಿಗೆ ಕೇಳುವ ಮಗನ ಕಡತದಲ್ಲಿ ವಂಶವೃಕ್ಷ ಇದ್ದರೆ ಪಹಣಿ ಇರುತ್ತಿರಲಿಲ್ಲ, ಪಹಣಿ ಇದ್ದರೆ ಸೋದರರ ಒಪ್ಪಿಗೆ ಇರುತ್ತಿರಲಿಲ್ಲ. ಕೊರತೆಗಳ ಪಟ್ಟಿಯೊಂದಿಗೆ ಕಡತ ಹಿಂದಿರುಗುತ್ತಿತ್ತು. ಅಂಥ ಟಿಪ್ಪಣಿಗಳಿಗೆ ನಾನೂ ಸಹಿ ಹಾಕಿದ್ದೇನೆ. ನಾನೇ ಪಿಸ್ತೂಲಿನ ಅರ್ಜಿದಾರನಾಗಿ ಕಾದು ನಿಂತಾಗ ಮಾತ್ರ ಆ ಸಹಿಗಳ ಭಾರ ನನಗೆ ಅರ್ಥವಾಯಿತು.

ಅರ್ಥಶಾಸ್ತ್ರಜ್ಞ ಫ್ರೆಡ್ ಹಿರ್ಷ್ 1976ರ ತಮ್ಮ ಗ್ರಂಥದಲ್ಲಿ ‘ಸ್ಥಾನಸೂಚಕ ಸರಕು’ಗಳ ಬಗ್ಗೆ ವಿವೇಚಿಸಿದ್ದಾರೆ. ಇತರರ ಬಳಿ ಇಲ್ಲದಿರುವುದರಿಂದಲೇ ಬೆಲೆ ಪಡೆಯುವ ವಸ್ತುಗಳಿವು. ನಮ್ಮಲ್ಲಿ ರಿವಾಲ್ವರ್ ಅಂಥ ಸರಕಾಗಿದೆ. ಪರವಾನಗಿ ಕಷ್ಟವಾದಷ್ಟೂ ಅದರ ಪ್ರತಿಷ್ಠೆ ಹೆಚ್ಚು. ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರು ವಿದೇಶಿ ಬಂದೂಕು ತರಿಸಿಕೊಳ್ಳುವುದು ನಿಂತಿತು. ಪ್ರಖ್ಯಾತ ಗುರಿಕಾರರಿಗೆ ಮಾತ್ರ ಅವಕಾಶ ಉಳಿಯಿತು. ಪೂರೈಕೆ ನಿಂತ ಮೇಲೆ ಹಳೆಯ ವಿದೇಶಿ ಪಿಸ್ತೂಲುಗಳ ಬೆಲೆ ಅವುಗಳ ಮೂಲ ಮೌಲ್ಯದ ಎಷ್ಟೋ ಪಟ್ಟು ಏರಿತು. ನಾನು ಕೊಟ್ಟ ಬೆಲೆಯ ಬಹುಭಾಗ ಉಕ್ಕಿಗಲ್ಲ, ಅಭಾವಕ್ಕೆ. ಪರಿಣಾಮವಾಗಿ ಬಡ ಹಾಗೂ ಮಧ್ಯಮ ವರ್ಗದ ಮಕ್ಕಳು ಗಾಳಿ ಪಿಸ್ತೂಲಿನಾಚೆಗೆ ಹೋಗುವುದು ಕಠಿಣವಾಯಿತು. ಕ್ರೀಡೆಗೆ ಬೇಕಾದದ್ದು ದುರ್ಲಭವಾಗಿ, ಪ್ರತಿಷ್ಠೆಗೆ ಬೇಕಾದದ್ದು ದೇಶೀಯ ಕಾರ್ಖಾನೆಯಿಂದಲೇ ದೊರೆಯುವಂತಾದದ್ದು ನಮ್ಮ ನೀತಿಯ ವಿಪರ್ಯಾಸ.

ಚುನಾವಣೆಯ ಸಂದರ್ಭಕ್ಕೆ ಮರಳೋಣ. ಚುನಾವಣೆ ನಿರ್ಭೀತವಾಗಿ ನಡೆಯಬೇಕು, ಅದಕ್ಕಾಗಿ ಆಯುಧಗಳ ಮೇಲೆ ನಿಗಾ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚುನಾವಣಾ ಆಯೋಗದ ಸೂಚನೆಯ ಆಶಯ ಎಲ್ಲರ ಆಯುಧವನ್ನೂ ಕಣ್ಣುಮುಚ್ಚಿ ಸಂಗ್ರಹಿಸಬೇಕೆಂಬುದಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಪರವಾನಗಿಗಳನ್ನು ಒಂದೊಂದಾಗಿ ನೋಡಬೇಕು. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಗಳಲ್ಲಿ, ವಿಶೇಷವಾಗಿ ಚುನಾವಣೆಯ ಕಾಲದ ಗಲಭೆಗಳಲ್ಲಿ, ತೊಡಗಿದವರು ಇಂಥವರ ಮೇಲೆ ಮುಖ್ಯವಾಗಿ ಗಮನವಿಡಬೇಕು ಎಂಬುದು ಅದರ ತಿರುಳು. ಆದರೆ ಸಾವಿರಾರು ಪರವಾನಗಿಗಳನ್ನು ಕೆಲವೇ ದಿನಗಳಲ್ಲಿ ಪರಿಶೀಲಿಸುವ ಹೊಣೆ ಹೊತ್ತ ಯಾವ ಅಧಿಕಾರಿಗಾದರೂ ಸುಲಭದ ದಾರಿ ಒಂದೇ: ಎಲ್ಲವನ್ನೂ ಒಳಗಿಡಿ, ಕೇಳಿ ಬಂದವರಿಗೆ ಬಿಡಿ. ಕೇಳಲು ಗೊತ್ತಿರುವವರು ನನ್ನಂಥವರು.

2023ರಲ್ಲಿ ವಿಧಾನಸಭಾ ಚುನಾವಣೆ ಮಾರ್ಚ್ 29ಕ್ಕೆ ಘೋಷಣೆಯಾಗಿ ಮೇ 13ಕ್ಕೆ ಫಲಿತಾಂಶ ಬಂತು. 2024ರಲ್ಲಿ ಮಾರ್ಚ್ 16ರಿಂದ ಜೂನ್ 4ರವರೆಗೆ 80 ದಿನ. ಹೀಗೆ ಸತತ ಎರಡು ಬೇಸಿಗೆ ನಮ್ಮ ಕಡೆಯ ತೋಟಗಳಲ್ಲಿ ಕೋವಿಯ ಸದ್ದು ಇರಲಿಲ್ಲ. ಕಾಡಿನಲ್ಲಿ ನೀರು, ಮೇವು ಬತ್ತುವ, ಹಂದಿ ತೋಟಕ್ಕೆ ಇಳಿಯುವ ಕಾಲವೂ ಅದೇ. 2024ರ ಏಪ್ರಿಲಿನ ಒಂದು ರಾತ್ರಿ ನೆರೆಯವರ ಅನಾನಸಿನ ತಾಕಿಗೆ ಹಂದಿಯ ಹಿಂಡು ನುಗ್ಗಿತು. ಅವರೂ ಅವರ ಮಗನೂ ತಗಡಿನ ಡಬ್ಬ ಬಡಿಯುತ್ತ, ಪಟಾಕಿ ಸಿಡಿಸುತ್ತ ಬೆಳಗಿನವರೆಗೆ ಓಡಾಡಿದರು. ಬೆಳಿಗ್ಗೆ ನೋಡಿದರೆ ಅರ್ಧ ಎಕರೆ ಉತ್ತುಹಾಕಿದಂತಿತ್ತು. ಗೋಡೆಯ ಈಚೆ ನನ್ನ ಉಕ್ಕಿನ ಪೆಟ್ಟಿಗೆಯಲ್ಲಿ ಪಿಸ್ತೂಲು ಸುರಕ್ಷಿತವಾಗಿತ್ತು, ಆಟಕ್ಕೆಂದು.

ಇದಕ್ಕೆ ಬರುವ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಯಲ್ಲಿರುವ ಯಾವುದೇ ಬಂದೂಕು ಅಪಾಯದ ವಸ್ತು. ಕುಡಿತದ ಸಿಟ್ಟು, ಗಡಿ ಕಲ್ಲಿನ ಜಗಳ, ಮನಸ್ಸು ಕುಸಿದ ಒಂದು ಗಳಿಗೆ, ಪೊದೆಯಲ್ಲಿ ಅಲುಗಿದ ನೆರಳನ್ನು ಹಂದಿಯೆಂದು ಭ್ರಮಿಸಿದ ಒಂದು ಈಡು, ಇವುಗಳಿಂದ ಮಲೆನಾಡಿನ ಎಷ್ಟೋ ಕುಟುಂಬಗಳು ಕತ್ತಲೆಗೆ ಬಿದ್ದಿವೆ. ಪರವಾನಗಿ ಇಲ್ಲದ ನಾಡಕೋವಿಗಳ ಪಿಡುಗು ಬೇರೆ. ಅಮೆರಿಕದಂತೆ ಬಂದೂಕು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸರಕಾಗಬೇಕೆಂದು ಯಾವ ವಿವೇಕಿಯೂ ಬಯಸಲಾರ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದ್ದನ್ನು ನಾನು ಸ್ವಾಗತಿಸಿದ್ದೇನೆ. ನನ್ನ ವಾದ ಸಡಿಲಿಕೆಯ ಪರವಲ್ಲ, ವಿವೇಚನೆಯ ಪರ. ಎಚ್ಚರಿಕೆ ಎಲ್ಲರ ಮೇಲೂ ಸಮನಾಗಿ ಹರಡಿದರೆ, ಎಚ್ಚರಿಕೆ ನಿಜವಾಗಿ ಬೇಕಾದ ಕಡೆ ಅದು ತೆಳುವಾಗುತ್ತದೆ.

ರೇಂಜಿನಲ್ಲಿ ಪಿಸ್ತೂಲು ಹಿಡಿದವನನ್ನು ಯಾರೂ ಅವನ ಆದಾಯ ಎಷ್ಟು, ಯಾರ ಕಡೆಯವನು ಎಂದು ಕೇಳುವುದಿಲ್ಲ. ನಳಿಗೆ ಯಾವ ದಿಕ್ಕಿಗಿದೆ, ಬೆರಳು ಟ್ರಿಗರಿನಿಂದ ಹೊರಗಿದೆಯೇ, ಆಜ್ಞೆಯಾದೊಡನೆ ಗುಂಡು ತೆಗೆದು ಕೆಳಗಿಟ್ಟನೇ ಎಂದಷ್ಟೇ ನೋಡುತ್ತಾರೆ. ತಪ್ಪಿದವನು ಎಷ್ಟೇ ದೊಡ್ಡವನಾದರೂ ಹೊರಗೆ. ಪರವಾನಗಿಯ ವ್ಯವಸ್ಥೆಯೂ ಈ ಮಾದರಿಯನ್ನು ಏಕೆ ಅನುಸರಿಸಬಾರದು? 2016ರ ನಿಯಮಗಳಲ್ಲಿ ಅರ್ಜಿದಾರರಿಗೆ ಆಯುಧ ಸುರಕ್ಷತೆಯ ತರಬೇತಿ ವಿಧಿಸಲಾಗಿದೆ. ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆಯನ್ನೂ ಪಡೆಯಲಾಗುತ್ತದೆ. ಆದರೆ ತರಬೇತಿ ಪ್ರಮಾಣಪತ್ರವೆಂಬುದು ಕಡತಕ್ಕೆ ಸೇರಿಸುವ ಇನ್ನೊಂದು ಹಾಳೆಯಾಗಿಬಿಟ್ಟರೆ ಪ್ರಯೋಜನವಿಲ್ಲ. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಸಾರ್ವಜನಿಕರಿಗೆ ತೆರೆದ ಒಂದು ಸಣ್ಣ ರೇಂಜ್ ಇರಲಿ. ಕೃಷಿಕ, ಕ್ರೀಡಾಪಟು, ರಿವಾಲ್ವರ್ ಬಯಸುವ ಉದ್ಯಮಿ ಎಲ್ಲರೂ ಅಲ್ಲಿ ನಿಂತು, ತಾನು ಆಯುಧವನ್ನು ಸುರಕ್ಷಿತವಾಗಿ ಎತ್ತಬಲ್ಲೆ, ಇಳಿಸಬಲ್ಲೆ ಎಂದು ತೋರಿಸಲಿ. ಪ್ರತಿ ಐದು ವರ್ಷದ ನವೀಕರಣಕ್ಕೂ ಮತ್ತೊಮ್ಮೆ ತೋರಿಸಲಿ. ಅದೇ ರೇಂಜಿನಲ್ಲಿ ಊರಿನ ಮಕ್ಕಳು ಗಾಳಿ ಪಿಸ್ತೂಲಿನಲ್ಲಿ ಆಟ ಕಲಿಯಲಿ.

ಎರಡನೆಯದಾಗಿ, ಚುನಾವಣೆ ಘೋಷಣೆಯಾದ ಮೇಲೆ ತರಾತುರಿಯಲ್ಲಿ ಮಾಡುವ ಪರಿಶೀಲನೆಯನ್ನು ವರ್ಷಕ್ಕೊಮ್ಮೆ ಬಿಡುವಿನಲ್ಲಿ ಮಾಡಬಹುದು. ಅಪರಾಧದ ಹಿನ್ನೆಲೆಯಿಲ್ಲದ, ಜಮೀನಿನಲ್ಲೇ ವಾಸಿಸುವ ಬೆಳೆ ರಕ್ಷಣಾ ಪರವಾನಗಿದಾರರ ಪಟ್ಟಿಯೊಂದನ್ನು ಕಂದಾಯ, ಪೊಲೀಸ್, ಅರಣ್ಯ ಇಲಾಖೆಗಳು ಸೇರಿ ಮುಂಚಿತವಾಗಿ ಸಿದ್ಧಪಡಿಸಿದರೆ, ಅವರು ಅರ್ಜಿ ಹಾಕಲಿ, ಬಿಡಲಿ, ವಿನಾಯಿತಿ ತಾನಾಗಿ ದೊರೆಯುತ್ತದೆ. ಮೂರನೆಯದಾಗಿ, ಆತ್ಮರಕ್ಷಣೆಯ ಹೆಸರಿನ ರಿವಾಲ್ವರುಗಳಿಗೆ ಪ್ರತಿ ನವೀಕರಣದಲ್ಲೂ ‘ಆ ಭಯ ಈಗಲೂ ಇದೆಯೇ?’ ಎಂಬ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕು. ಒಮ್ಮೆ ಕೊಟ್ಟ ಪರವಾನಗಿ ಪಿತ್ರಾರ್ಜಿತ ಆಸ್ತಿಯಲ್ಲ. ಇದಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. 1959ರ ಕಾಯ್ದೆಯನ್ನು ಅದು ಬರೆದಂತೆ ಓದಿದರೆ ಸಾಕು.

ನನ್ನ ಕೈ ಈಗ ಮೊದಲಿನಂತಿಲ್ಲ. ಬೆಳಗಿನ ಅಭ್ಯಾಸದಲ್ಲಿ ಗುರಿಮೊನೆ ಕಣ್ಣಿಗೆ ಚೂಪಾಗಿ ನಿಲ್ಲುವುದು ಅಪರೂಪವಾಗುತ್ತಿದೆ. ಹೊರದೇಶದಲ್ಲಿರುವ ಮಗನಿಗೆ ಇದು ಬೇಡ. ಅವನ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅವನ ನಿಲುವು ಸರಿಯಾದುದೇ. ಹಿಂದೆ ಒಬ್ಬ ಹಿರಿಯರು ನನಗೆ ದಾಟಿಸಿದ ಹಾಗೆ ನಾನೂ ಇದನ್ನು ದಾಟಿಸಬೇಕು. ಕ್ಲಬ್ಬಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಬಸ್ ಕಂಡಕ್ಟರರ ಮಗಳು. ಕ್ಲಬ್ಬಿನ ಪಿಸ್ತೂಲನ್ನು ಸರದಿಯಲ್ಲಿ ಪಡೆದು ಅಭ್ಯಾಸ ಮಾಡುತ್ತಾಳೆ. ಹದಕ್ಕೆ ಬರದ ಗುಂಡನ್ನು ಹಾರಿಸದೆ ಕೈ ಇಳಿಸುವುದನ್ನು ಇಪ್ಪತ್ತರ ವಯಸ್ಸಿಗೇ ಕಲಿತವಳು. ಅವಳಿಗೆ ಇಪ್ಪತ್ತೊಂದು ತುಂಬಿ ಪರವಾನಗಿ ದೊರೆತ ದಿನ ಈ ಹ್ಯಾಮರ್ಲಿಯನ್ನು, ಅಭಾವದ ಬೆಲೆಗಲ್ಲದೆ, ಅವಳ ಹೆಸರಿಗೆ ವರ್ಗಾಯಿಸುವುದಾಗಿ ಹೇಳಿದ್ದೇನೆ. ಅವಳ ಕಡತ ನೋಡುವ ಅಧಿಕಾರಿ ತಂದೆಯ ಆದಾಯ ಪತ್ರವನ್ನು ಮಾತ್ರ ನೋಡದೆ ಅವಳ ಅಂಕಪಟ್ಟಿಯನ್ನೂ ನೋಡಲಿ ಎಂಬುದು ನನ್ನ ಆಸೆ.

ನೆರೆಯವರ ವಿಷಯದಲ್ಲಿ ನಾನು ಮಾಡಬಹುದಾದದ್ದು ಇನ್ನೂ ಸರಳವಿತ್ತು. ಮುಂದಿನ ಚುನಾವಣೆಗೆಂದು ಅವರ ಪಹಣಿ, ಪರವಾನಗಿ ಪುಸ್ತಕ, ಬೆಳೆ ಹಾನಿಯ ಮಹಜರು ಇವುಗಳ ಪ್ರತಿಗಳನ್ನು ಸೇರಿಸಿ ವಿನಾಯಿತಿಯ ಅರ್ಜಿಯೊಂದನ್ನು ಬರೆದು ಕೊಟ್ಟಿದ್ದೇನೆ. ದಿನಾಂಕ ಹಾಕುವುದಷ್ಟೇ ಬಾಕಿ. ಅದನ್ನು ಓದಿದ ಅವರು, ‘ಇಷ್ಟೇ ಆಗಿತ್ತಾ ಸಾಹೇಬ್ರೆ? ಹೋದ ಸಲವೇ ಹೇಳಬಾರದಿತ್ತಾ?’ ಎಂದು ಕೇಳಿದರು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಆಡಳಿತದಲ್ಲಿದ್ದವನಿಗೆ ನೆರೆಮನೆಯ ಅಂಗಳಕ್ಕೆ ಹೋಗಿ ಅಷ್ಟನ್ನು ಹೇಳಬೇಕೆಂದು ತೋಚಿರಲಿಲ್ಲ.